ಆಟಕ್ಕೆ ಎಷ್ಟು ಅಶ್ವಶಕ್ತಿ ಬೇಕು?

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿಗೆ ಭತ್ತದ ಗದ್ದೆಗಳ ಮಣ್ಣಿನ ಮಾದರಿ ಸಂಗ್ರಹಿಸಲೆಂದು ಹೋಗಿದ್ದೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳು ಅರ್ಧ ಶತಮಾನದ ಹಿಂದೆ ನೆಲೆ ಕಂಡುಕೊಂಡ ಊರು ಅದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಅಲ್ಲಿನವರು ಭತ್ತ ಬೆಳೆಯುತ್ತಾರೆ. ಕೆಲಸ ಮುಗಿದ ಮೇಲೆ ರೈತರೊಬ್ಬರು ಚಹಾ ಕುಡಿಯಲು ಮನೆಗೆ ಕರೆದೊಯ್ದರು. ಒಳಗೆ ಅವರ ಕಿರಿಯ ಮಗ ಮೂವತ್ತೆರಡು ಅಂಗುಲದ ಟಿ.ವಿ.ಗೆ ಹಳೆಯ ಪ್ಲೇಸ್ಟೇಷನ್ 2 ಯಂತ್ರವನ್ನು ಜೋಡಿಸಿಕೊಂಡು ಆಟದಲ್ಲಿ ಮುಳುಗಿದ್ದ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣ ಯಾರಿಂದಲೋ ಕೊಂಡು ತಂದದ್ದಂತೆ. ಆಟದ ನಡುವೆ ಕರೆಂಟು ಹೋಯಿತು. ಹುಡುಗ ಬೇಸರಿಸಿಕೊಳ್ಳದೆ ನನ್ನತ್ತ ತಿರುಗಿ ಕೇಳಿದ: "ಸರ್, ಮುಂದಿನ ಹೊಸಾದು ಬಂದಾಗ ಕೊಡಸ್ತೀನಿ ಅಂತ ಅಣ್ಣ ಅಂದಾನ್ರಿ. ಅದು ಎಷ್ಟು ಪವರಿಂದು ಇರಬೇಕ್ರಿ?"

ಹುಡುಗ ಕೇಳಿದ್ದು ಗಣಕಶಕ್ತಿಯ ಬಗ್ಗೆ. ಕತ್ತಲೆ ಕೋಣೆಯಲ್ಲಿ ಕುಳಿತಿದ್ದ ನನಗೆ ನೆನಪಾದದ್ದು ವಿದ್ಯುಚ್ಛಕ್ತಿ. ಇವೆರಡೂ ಬೇರೆ ಬೇರೆ ಪ್ರಶ್ನೆಗಳಲ್ಲ ಎಂಬುದೇ ಈ ಲೇಖನದ ತಿರುಳು. ನದಿ, ಕಾಡು, ಅಣೆಕಟ್ಟುಗಳ ಬಗ್ಗೆ ಬರೆಯುವ ಈ ಪತ್ರಿಕೆಯಲ್ಲಿ ಮಕ್ಕಳ ಆಟದ ಯಂತ್ರಕ್ಕೇನು ಕೆಲಸವೆಂದು ಓದುಗ ಮಿತ್ರರು ಕೇಳಬಹುದು. ಗೋಡೆಯ ಪ್ಲಗ್ಗಿನ ಆಚೆಗಿನ ತಂತಿ ಎಲ್ಲಿಗೆ ಹೋಗುತ್ತದೆಂಬುದು ಮಲೆನಾಡಿನ ನಮಗೆ ಚೆನ್ನಾಗಿ ಗೊತ್ತಿರುವುದರಿಂದ, ಈ ಪ್ರಶ್ನೆಯನ್ನು ನಾವೂ ಕೇಳಿಕೊಳ್ಳಬೇಕಾಗಿದೆ.

ಕೃಷಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಮೊದಲಿಗೇ ಕಲಿಸುವ ಪಾಠಗಳಲ್ಲಿ ಇಳಿಮುಖ ಪ್ರತಿಫಲ ನಿಯಮವೂ ಒಂದು. ಎಕರೆಗೆ ಹಾಕಿದ ಮೊದಲ ಚೀಲ ಯೂರಿಯಾ ಇಳುವರಿಯನ್ನು ಗಣನೀಯವಾಗಿ ಏರಿಸುತ್ತದೆ. ಎರಡನೆಯದು ಅದಕ್ಕಿಂತ ಕಡಿಮೆ, ಮೂರನೆಯದು ಇನ್ನೂ ಕಡಿಮೆ. ಅದರಾಚೆಗೆ ಪೈರು ಅಡ್ಡಬೀಳುತ್ತದೆ, ಬೆಂಕಿರೋಗ ಬರುತ್ತದೆ. ಆಟದ ಯಂತ್ರಗಳೂ ಈಗ ಈ ವಕ್ರರೇಖೆಯ ತುದಿಯ ಸಮೀಪಕ್ಕೆ ಬಂದಿವೆ. 2013ರ ಪ್ಲೇಸ್ಟೇಷನ್ 4ರ ಗ್ರಾಫಿಕ್ಸ್ ಸಾಮರ್ಥ್ಯ 1.84 ಟೆರಾಫ್ಲಾಪ್, ಅಂದರೆ ಸೆಕೆಂಡಿಗೆ 1.84 ಲಕ್ಷ ಕೋಟಿ ಲೆಕ್ಕ. 2020ರ ಪ್ಲೇಸ್ಟೇಷನ್ 5ರದು 10.28. 2024ರ ಪ್ಲೇಸ್ಟೇಷನ್ 5 ಪ್ರೊ ಯಂತ್ರದ್ದು 16.7. ಹನ್ನೊಂದು ವರ್ಷಗಳಲ್ಲಿ ಒಂಬತ್ತು ಪಟ್ಟು! ಆಟದ ಸುಖವೂ ಒಂಬತ್ತು ಪಟ್ಟಾಯಿತೆಂದು ಹೇಳುವವರು ಯಾರೂ ಸಿಗಲಾರರು.

ಹೆಚ್ಚಿದ ಶಕ್ತಿಯಲ್ಲಿ ಬಹುಪಾಲು ಖರ್ಚಾಗುವುದು ಚಿತ್ರದ ಚುಕ್ಕೆಗಳಿಗೆ. ಫುಲ್ ಎಚ್‌.ಡಿ. ಚಿತ್ರವೊಂದರಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿದ್ದರೆ, 4ಕೆ ಚಿತ್ರದಲ್ಲಿ 83 ಲಕ್ಷ. ಇವನ್ನು ಸೆಕೆಂಡಿಗೆ ಅರವತ್ತು ಬಾರಿ ಹೊಸದಾಗಿ ಬರೆಯಬೇಕು. ಆದರೆ ನೋಡುವ ಕಣ್ಣಿಗೂ ಒಂದು ಮಿತಿಯಿದೆ. ಆರೋಗ್ಯವಂತ ಕಣ್ಣು ಎಂಟು ಅಡಿ ದೂರದಿಂದ ಸುಮಾರು 0.7 ಮಿಲಿಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ಗುರುತಿಸಲಾರದು. ಮೂವತ್ತೆರಡು ಅಂಗುಲದ ಸಾಮಾನ್ಯ ಎಚ್‌.ಡಿ. ಟಿ.ವಿ.ಯಲ್ಲಿ ಚುಕ್ಕೆಗಳ ನಡುವಿನ ಅಂತರ ಈಗಾಗಲೇ ಅರ್ಧ ಮಿಲಿಮೀಟರಿನಷ್ಟು ಮಾತ್ರ. ಅಂದರೆ ಆರ್.ಎಚ್. ಕ್ಯಾಂಪಿನ ಆ ಕೋಣೆಯಲ್ಲಿ, ಆ ಹುಡುಗ ಕುಳಿತ ಜಾಗದಿಂದ, 4ಕೆ ಚಿತ್ರದ ಹೆಚ್ಚುವರಿ ಚುಕ್ಕೆಗಳು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಕಾಣದ ಚುಕ್ಕೆಗಳಿಗೆ ವಿದ್ಯುತ್ ಸುರಿಯುವುದು ತುಂಬಿದ ಗದ್ದೆಗೆ ಮತ್ತೆ ನೀರು ಬಿಟ್ಟಂತೆ.

ಹಾಗಾದರೆ ಯಂತ್ರ ಸುಧಾರಿಸುವುದೇ ಬೇಡವೇ? ಹಾಗಲ್ಲ. ಇಲ್ಲಿ ಕೃಷಿಯ ಇನ್ನೊಂದು ಪಾಠ ಸಹಾಯಕ್ಕೆ ಬರುತ್ತದೆ. ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಚಾರಕ್ಕೆ ತಂದ ನಿಯಮವೊಂದಿದೆ: ಅತ್ಯಂತ ಕೊರತೆಯಲ್ಲಿರುವ ಪೋಷಕಾಂಶವೇ ಇಳುವರಿಯನ್ನು ನಿರ್ಧರಿಸುತ್ತದೆ. ನೀರು ನಿಲ್ಲಿಸಿ ಭತ್ತ ಬೆಳೆಯುವ ಕ್ಷಾರಗುಣದ ಎರೆಭೂಮಿಯಲ್ಲಿ ಸತುವಿನ ಕೊರತೆ ಸಾಮಾನ್ಯ. ಅಂಥ ಗದ್ದೆಗೆ ಎಷ್ಟು ಯೂರಿಯಾ ಸುರಿದರೂ ಪೈರು ಚೇತರಿಸಿಕೊಳ್ಳದು. ಸ್ವಲ್ಪ ಜಿಂಕ್ ಸಲ್ಫೇಟ್ ಕೊಟ್ಟರೆ ಹಸಿರಾಗುತ್ತದೆ. 2020ರ ಯಂತ್ರಗಳಲ್ಲಿ ನಿಜವಾದ ಸುಧಾರಣೆಯಾದದ್ದೂ ಹೀಗೆಯೇ. ಹಿಂದಿನ ಯಂತ್ರಗಳ ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು ಮೆಗಾಬೈಟಿನಷ್ಟು ಮಾಹಿತಿಯನ್ನು ಕಷ್ಟಪಟ್ಟು ಒದಗಿಸುತ್ತಿತ್ತು. ಪ್ಲೇಸ್ಟೇಷನ್ 5ರ ಘನಸ್ಥಿತಿ ಸಂಗ್ರಹ 5.5 ಗಿಗಾಬೈಟ್ ಒದಗಿಸುತ್ತದೆ. ನಿಮಿಷಗಟ್ಟಲೆ ಕಾಯುವಿಕೆ ಸೆಕೆಂಡುಗಳಿಗೆ ಇಳಿಯಿತು. ಇದಕ್ಕೆ ತಗಲುವ ವಿದ್ಯುತ್ ಅತ್ಯಲ್ಪ. ಕೊರತೆಯಿದ್ದದ್ದು ಅಲ್ಲಿ, ಅದನ್ನು ತುಂಬಿದ್ದರಿಂದ ಫಲ ಸಿಕ್ಕಿತು.

ಅದೇ ವರ್ಷ ಮೈಕ್ರೋಸಾಫ್ಟ್ ಎರಡು ಯಂತ್ರಗಳನ್ನು ಒಟ್ಟಿಗೆ ಹೊರತಂದಿತು. ಎಕ್ಸ್‌ಬಾಕ್ಸ್ ಸಿರೀಸ್ ಎಕ್ಸ್ 12 ಟೆರಾಫ್ಲಾಪಿನದು. ಸಿರೀಸ್ ಎಸ್ ಕೇವಲ 4 ಟೆರಾಫ್ಲಾಪಿನದು. ಆಡುವಾಗ ಸಿರೀಸ್ ಎಸ್ ಎಳೆಯುವ ವಿದ್ಯುತ್ ಸುಮಾರು 80 ವ್ಯಾಟ್, ದೊಡ್ಡಣ್ಣ ಎಳೆಯುವುದರ ಅರ್ಧದಷ್ಟು. ಆದರೂ ಎರಡರಲ್ಲಿಯೂ ನಡೆಯುವುದು ಒಂದೇ ತಲೆಮಾರಿನ ಆಟಗಳು. ಅದರ ದೋಷವೂ ಪಾಠದಂತಿದೆ. 2023ರಲ್ಲಿ 'ಬಾಲ್ಡರ್ಸ್ ಗೇಟ್ 3' ಆಟ ಎಕ್ಸ್‌ಬಾಕ್ಸಿಗೆ ತಡವಾಗಿ ಬಂದದ್ದು, ಇಬ್ಬರು ಒಂದೇ ತೆರೆಯನ್ನು ಹಂಚಿಕೊಂಡು ಆಡುವ ಸೌಲಭ್ಯ ಸಿರೀಸ್ ಎಸ್‌ನಲ್ಲಿ ಸರಿಯಾಗಿ ಕೂಡದ ಕಾರಣಕ್ಕೆ. ಆ ಯಂತ್ರದಲ್ಲಿ ಸ್ಮರಣೆಯನ್ನು 10 ಗಿಗಾಬೈಟಿಗೆ ಇಳಿಸಿದ್ದರ ಬಗ್ಗೆ ಆಟ ತಯಾರಿಸುವವರು ಮೊದಲಿನಿಂದಲೂ ದೂರುತ್ತಿದ್ದರು. ಅಲ್ಲಿ ಕಡಿಮೆಯಾದದ್ದು ಸತುವು, ಯೂರಿಯಾ ಅಲ್ಲ.

ಈಗ ವಿದ್ಯುತ್ತಿನ ಲೆಕ್ಕಕ್ಕೆ ಬರೋಣ. ಇಂದಿನ ದೊಡ್ಡ ಕನ್ಸೋಲೊಂದು ಭಾರವಾದ ಆಟದ ವೇಳೆ ಸುಮಾರು 200 ವ್ಯಾಟ್ ಬಳಸುತ್ತದೆ. 9 ವ್ಯಾಟಿನ ಎಲ್‌.ಇ.ಡಿ. ಬಲ್ಬುಗಳು ಇಪ್ಪತ್ತೆರಡು ಉರಿದಷ್ಟು! ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ 18 ಯೂನಿಟ್, ವರ್ಷಕ್ಕೆ 219 ಯೂನಿಟ್. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಮನೆಯ 2022–23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ಉಚಿತ ಮಿತಿಯನ್ನು ಗೊತ್ತುಪಡಿಸಲಾಯಿತು. ಸರಾಸರಿ 60 ಯೂನಿಟ್ ಬಳಸುತ್ತಿದ್ದ ಮನೆಗೆ 66 ಯೂನಿಟ್ ಉಚಿತ. ಕನ್ಸೋಲ್ ಬಂದ ತಿಂಗಳಿನಿಂದಲೇ ಆ ಮನೆ ಮಿತಿ ದಾಟುತ್ತದೆ. ಇನ್ನೊಂದು ಸಂಗತಿ: ಯಂತ್ರ ಎಳೆದುಕೊಂಡ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಕೋಣೆಗೇ ಬರುತ್ತದೆ. ನಲವತ್ತು ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಅದು 200 ವ್ಯಾಟಿನ ಹೀಟರ್ ಕೂಡ ಹೌದು. ಅದನ್ನು ತಣಿಸಲು ಫ್ಯಾನ್ ಬೇರೆ ಬೇಕು.

ಆ ವಿದ್ಯುತ್ ಬರುವುದೆಲ್ಲಿಂದ? ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಸಿ ವಿದ್ಯುತ್ ತಯಾರಿಸಲಾಗುತ್ತಿದೆ. ಅಲ್ಲಿಂದ ಬಂದದ್ದಾದರೆ 219 ಯೂನಿಟ್ಟಿಗೆ ಸುಮಾರು ಒಂದೂವರೆ ಕ್ವಿಂಟಾಲ್ ಕಲ್ಲಿದ್ದಲು ಬೇಕು. ಇನ್ನು ಆಟಕ್ಕೆ ಜನ ಕೂಡುವುದು ಸಂಜೆ. ಆ ಹೊತ್ತಿನ ಏರಿದ ಬೇಡಿಕೆಗೆ ಚಾಲನೆಯಾಗುವುದು ನಮ್ಮ ಮಲೆನಾಡಿನ ಜಲವಿದ್ಯುತ್ ಯಂತ್ರಗಳು. ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳಲ್ಲಿ ಪ್ರತಿಯೊಂದರ ಸಾಮರ್ಥ್ಯ 103.5 ಮೆಗಾವ್ಯಾಟ್. ಐದು ಲಕ್ಷ ಮನೆಗಳಲ್ಲಿ ಒಂದೇ ಸಂಜೆ 200 ವ್ಯಾಟಿನ ಕನ್ಸೋಲ್ ಚಾಲೂ ಆದರೆ, ಹೆಚ್ಚುಕಡಿಮೆ ಒಂದು ಇಡೀ ಘಟಕ ಅದಕ್ಕಾಗಿಯೇ ತಿರುಗಬೇಕು. ಪ್ರಸರಣದಲ್ಲಿ ಆಗುವ ನಷ್ಟ ಬೇರೆ. 20 ವ್ಯಾಟಿನ ಯಂತ್ರವಾದರೆ ಹತ್ತರಲ್ಲಿ ಒಂದು ಪಾಲು ಸಾಕು.

ಕನ್ಸೋಲುಗಳಿಂದಾಗಿಯೇ ಕಾಡು ಮುಳುಗುತ್ತದೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದು ಅಪ್ರಾಮಾಣಿಕವಾದೀತು. ನಮ್ಮ ರಾಜ್ಯದಲ್ಲಿ ಪಂಪ್‌ಸೆಟ್ಟು, ಕೈಗಾರಿಕೆ, ಹವಾನಿಯಂತ್ರಣಗಳ ಬೇಡಿಕೆಯ ಮುಂದೆ ಇದು ಸಣ್ಣದು. ಆದರೆ ಸಂಜೆಯ ಬೇಡಿಕೆ ಇಂಥ ಸಣ್ಣ ಸಣ್ಣ ಪ್ಲಗ್ಗುಗಳ ಮೊತ್ತವೇ ತಾನೇ? ಆ ಬೇಡಿಕೆಯ ಹೆಸರಿನಲ್ಲಿಯೇ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರೂಪಿಸಲಾಯಿತು. ಶರಾವತಿ ಕಣಿವೆಯ ಜನ 2025ರಲ್ಲಿ ಅದನ್ನು ವಿರೋಧಿಸಿ ಬೀದಿಗಿಳಿದರು. ಲಿಂಗನಮಕ್ಕಿಗಾಗಿ 1960ರ ದಶಕದಲ್ಲಿ ಮನೆ ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳ ಭೂಮಿಯ ಹಕ್ಕಿನ ಪ್ರಶ್ನೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ನೆಲೆ ತಪ್ಪುವುದೆಂದರೇನು ಎಂಬುದನ್ನು ಆರ್.ಎಚ್. ಕ್ಯಾಂಪಿನ ಹಿರಿಯರಿಗೂ ವಿವರಿಸಿ ಹೇಳಬೇಕಾಗಿಲ್ಲ.

ತಂತ್ರಜ್ಞರು ಒಂದು ಆಕ್ಷೇಪ ಎತ್ತಬಹುದು: ಚಿಪ್‌ಗಳ ದಕ್ಷತೆ ಹೆಚ್ಚುತ್ತಲೇ ಇದೆಯಲ್ಲ? ನಿಜ. ಪ್ರತಿ ವ್ಯಾಟಿಗೆ ಪ್ಲೇಸ್ಟೇಷನ್ 5 ಮಾಡುವ ಕೆಲಸ ಪ್ಲೇಸ್ಟೇಷನ್ 4 ಮಾಡುತ್ತಿದ್ದುದರ ಮೂರು-ನಾಲ್ಕು ಪಟ್ಟು. ಆದರೆ ಗೋಡೆಯಿಂದ ಎಳೆಯುವ ಒಟ್ಟು ವಿದ್ಯುತ್ ಇಳಿಯಲಿಲ್ಲ, 140 ವ್ಯಾಟಿನ ಆಸುಪಾಸಿನಿಂದ 200ಕ್ಕೆ ಏರಿತು. ಉಳಿತಾಯವನ್ನೆಲ್ಲ ಚುಕ್ಕೆಗಳೇ ನುಂಗಿದವು. ಹಬೆಯಂತ್ರದ ದಕ್ಷತೆ ಹೆಚ್ಚಿದಷ್ಟೂ ಕಲ್ಲಿದ್ದಲಿನ ಬಳಕೆ ಹೆಚ್ಚುತ್ತದೆಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ಎಚ್ಚರಿಸಿದ್ದ. ಹನಿ ನೀರಾವರಿಯಿಂದ ಉಳಿದ ನೀರಿನಲ್ಲಿ ಇನ್ನೆರಡು ಎಕರೆ ತೋಟ ಎಬ್ಬಿಸುವ ನಮಗೆ ಇದು ಹೊಸ ಸಂಗತಿಯೇನಲ್ಲ. ದಕ್ಷತೆ ಉಳಿತಾಯವಾಗಬೇಕಾದರೆ ಅದರ ಜೊತೆಗೊಂದು ಮಿತಿ ಬೇಕು.

ಮಿತಿಯೊಳಗೆ ಒಳ್ಳೆಯ ಆಟ ಸಾಧ್ಯವೆಂಬುದಕ್ಕೆ ಇತಿಹಾಸವೇ ಸಾಕ್ಷಿ. 1989ರಲ್ಲಿ ನಿಂಟೆಂಡೊದ ಗುನ್‌ಪೇ ಯೊಕೊಯಿ ಮತ್ತು ಅವರ ತಂಡ ರೂಪಿಸಿದ ಗೇಮ್ ಬಾಯ್‌ಗೆ ಬಣ್ಣವಿರಲಿಲ್ಲ, ತೆರೆಗೆ ಹಿಂಬೆಳಕೂ ಇರಲಿಲ್ಲ. ನಾಲ್ಕು ಸಣ್ಣ ಸೆಲ್ಲುಗಳಲ್ಲಿ ಹತ್ತು ಗಂಟೆಗೂ ಮಿಕ್ಕಿ ನಡೆಯುತ್ತಿತ್ತು. ಬಣ್ಣದ ತೆರೆಯ ಸೆಗಾ ಗೇಮ್ ಗಿಯರ್ ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತಿತ್ತು. ಗೆದ್ದದ್ದು ಗೇಮ್ ಬಾಯ್. 2006ರಲ್ಲಿ 20 ವ್ಯಾಟಿಗಿಂತ ಕಡಿಮೆ ಬಳಸುವ ವೀ, 200 ವ್ಯಾಟಿನ ಆಸುಪಾಸಿನ ಪ್ಲೇಸ್ಟೇಷನ್ 3ನ್ನು ಮಾರಾಟದಲ್ಲಿ ಹಿಂದಿಕ್ಕಿ ಹತ್ತು ಕೋಟಿ ದಾಟಿತು. 2017ರ ಸ್ವಿಚ್ ಹದಿನೈದು ಕೋಟಿಗೂ ಹೆಚ್ಚು ಮನೆಗಳಿಗೆ ಹೋಯಿತು. ಶಕ್ತಿ ಕಡಿಮೆಯಾದ ಮಾತ್ರಕ್ಕೆ ಗೆಲುವು ಖಚಿತವೆಂದು ಇದರ ಅರ್ಥವಲ್ಲ. ಅದೇ ಸಂಸ್ಥೆಯ 2012ರ ವೀ ಯು ಸೋತಿತು. ಗೆಲ್ಲಿಸುವುದು ಆಟದ ಕಲ್ಪನೆ. ಗಣಕಶಕ್ತಿ ಅದಕ್ಕೆ ಸಾಕಾಗುವಷ್ಟಿದ್ದರೆ ಆಯಿತು.

ವಿದ್ಯಾರ್ಥಿಗಳು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಯಂತ್ರದ ಶಕ್ತಿ ಹೆಚ್ಚಿದಷ್ಟೂ ಪ್ರತಿ ಎಲೆಯನ್ನೂ, ಕಲ್ಲನ್ನೂ ಯಾರಾದರೂ ಕುಳಿತು ಚಿತ್ರಿಸಬೇಕಾಗುತ್ತದೆ. 2020ರ 'ದಿ ಲಾಸ್ಟ್ ಆಫ್ ಅಸ್ ಭಾಗ 2' ಆಟಕ್ಕೆ ಇಪ್ಪತ್ತು ಕೋಟಿ ಡಾಲರಿಗೂ ಹೆಚ್ಚು ಖರ್ಚಾಗಿತ್ತೆಂದು ಅಮೆರಿಕದ ನ್ಯಾಯಾಲಯದ ದಾಖಲೆಯಿಂದ 2023ರಲ್ಲಿ ತಿಳಿದುಬಂತು. ಬೆಂಗಳೂರಿನಲ್ಲಿ 1997ರಲ್ಲಿ ಹುಟ್ಟಿದ ಧ್ರುವ ಇಂಟರ್‌ಆಕ್ಟಿವ್ ಇಂಥ ದೊಡ್ಡ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟೇ ಹೆಸರಾಯಿತು. 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡಿತು. ನಮ್ಮ ಹುಡುಗರ ಕೈಚಳಕಕ್ಕೆ ಕೊರತೆಯಿಲ್ಲ. ಆದರೆ ಆ ವೆಚ್ಚದ ಮಟ್ಟದಲ್ಲಿ ನಮ್ಮದೇ ಕಥೆಯ ಆಟ ಹುಟ್ಟುವುದು ಕಷ್ಟ. ಪುಣೆಯ ಸಣ್ಣ ತಂಡವೊಂದರ 'ರಾಜಿ' ಆಟ 2020ರಲ್ಲಿ ಮೊದಲು ಬಂದದ್ದು ಅಲ್ಪಶಕ್ತಿಯ ಸ್ವಿಚ್‌ನಲ್ಲಿ. ಬೇಸಾಯವನ್ನೇ ವಸ್ತುವಾಗುಳ್ಳ 'ಸ್ಟಾರ್‌ಡ್ಯೂ ವ್ಯಾಲಿ'ಯನ್ನು 2016ರಲ್ಲಿ ಹೊರತಂದದ್ದು ಒಬ್ಬನೇ ವ್ಯಕ್ತಿ. ಅದು ನಾಲ್ಕು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ, ಮೊಬೈಲಿನಲ್ಲಿಯೂ ನಡೆಯುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಮುಂದಿನ ತಲೆಮಾರಿನ ಕನ್ಸೋಲಿನಲ್ಲಿ ಸ್ಮರಣೆ, ಸಂಗ್ರಹ ಮತ್ತು ಮುಖ್ಯ ಸಂಸ್ಕಾರಕದ ವಿಷಯದಲ್ಲಿ ಜಿಪುಣತನ ಬೇಡ. ಗ್ರಾಫಿಕ್ಸ್ ಶಕ್ತಿಯ ಸ್ಪರ್ಧೆ ಸಾಕು. ಗೋಡೆಯಿಂದ ಎಳೆಯುವ ವಿದ್ಯುತ್ 80 ವ್ಯಾಟ್ ಮೀರಬಾರದು. 2020ರಲ್ಲಿಯೇ ಅದು ಸಾಧ್ಯವಾಗಿತ್ತು. ಚಿಪ್‌ಗಳು ಸುಧಾರಿಸಿರುವ ಇಂದು ಅದಕ್ಕಿಂತ ಕಡಿಮೆಯಲ್ಲಿಯೂ ಸಾಧ್ಯವಾಗಬೇಕು. ಫ್ರಿಜ್ಜು, ಫ್ಯಾನುಗಳಿಗೆ ನಕ್ಷತ್ರದ ಗುರುತು ಇರುವಂತೆ ಆಟದ ಯಂತ್ರದ ಪೆಟ್ಟಿಗೆಯ ಮೇಲೂ ಆಡುವಾಗಿನ ವ್ಯಾಟ್ ಎಷ್ಟೆಂದು ದಪ್ಪಕ್ಷರದಲ್ಲಿ ಮುದ್ರಿಸುವುದನ್ನು ಸರ್ಕಾರ ಕಡ್ಡಾಯಗೊಳಿಸಬೇಕು. ಕೊಳ್ಳುವವರು ಟೆರಾಫ್ಲಾಪ್ ಕೇಳುವ ಮೊದಲು ವ್ಯಾಟ್ ಕೇಳುವುದನ್ನು ರೂಢಿಸಿಕೊಳ್ಳಬೇಕು. ಐದು ಅಶ್ವಶಕ್ತಿಯ ಪಂಪು ಸಾಕಾಗುವ ಬಾವಿಗೆ ಹತ್ತರದ್ದನ್ನು ಇಳಿಸಿದವನನ್ನು ಊರಿನಲ್ಲಿ ಯಾರೂ ಜಾಣನೆನ್ನುವುದಿಲ್ಲ.

ಕರೆಂಟು ಬರುವವರೆಗೆ ಆ ಹುಡುಗನಿಗೆ ಇಷ್ಟನ್ನೇ ಸರಳವಾಗಿ ಹೇಳಿದೆ. ಅವನು ಸ್ವಲ್ಪ ಯೋಚಿಸಿ, "ಹಂಗಾದ್ರೆ ನಮ್ಮ ಇನ್ವರ್ಟರ್ ಮ್ಯಾಲೆ ನಡಿಯೋದು ತಗೋಬೇಕ್ರಿ" ಎಂದ. ಅಷ್ಟರಲ್ಲಿ ದೀಪ ಹತ್ತಿಕೊಂಡಿತು. ಅವನು ಮೊದಲಿನಿಂದ ಆಟ ಶುರುಮಾಡಿದ. ಅವನು ಹೇಳಿದ್ದಕ್ಕಿಂತ ಸರಿಯಾದ ಅಳತೆಗೋಲು ನನಗೂ ಹೊಳೆದಿಲ್ಲ.