ಡೀಸೆಲ್ ಕದ್ದಿದ್ದು ಆಪರೇಟರ್ ಎಂದು ಎಐ ಹೇಳಿದರೆ ನಂಬಬೇಕೇ?

‘ಜೆಸಿಬಿಗಳ ಮೇಲೆ ಇನ್ನು ಎಐ ಕಣ್ಣಿಡುತ್ತದೆ, ಆಪರೇಟರ್ ಏನೇ ಮಾಡಿದರೂ ಗೊತ್ತಾಗುತ್ತದೆ, ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ.’ ಇಂಥ ಧಾಟಿಯ ಸಂದೇಶ ಮೊಬೈಲಿಗೆ ಬಂದರೆ ಮುಂದಕ್ಕೆ ಕಳಿಸುವ ಮೊದಲು ಸ್ವಲ್ಪ ನಿಲ್ಲಿ. ಇದರಲ್ಲಿ ಅರ್ಧ ಮಾತ್ರ ನಿಜ. ಉಳಿದರ್ಧವನ್ನೂ ನಂಬಿದರೆ ತಪ್ಪು ಮಾಡದವರ ಕೆಲಸ ಹೋಗಬಹುದು. ಏಕೆ ಎಂಬುದನ್ನು ನೋಡೋಣ.

ಯಂತ್ರದ ಮಾಹಿತಿ ಬರುವುದು ಎಲ್ಲಿಂದ?

ಈಗಿನ ಅನೇಕ ಅಗೆಯುವ ಯಂತ್ರಗಳಲ್ಲಿ ಜಿಪಿಎಸ್ ಮತ್ತು ಮೊಬೈಲ್ ಸಂಪರ್ಕ ಇರುವ ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಯಂತ್ರ ಎಲ್ಲಿದೆ, ಎಂಜಿನ್ ಎಷ್ಟು ಗಂಟೆ ಓಡಿದೆ, ಎಷ್ಟು ಇಂಧನ ಉರಿದಿದೆ ಎಂಬುದನ್ನು ಅದು ಕಳಿಸುತ್ತದೆ. ಇದನ್ನು ಟೆಲಿಮ್ಯಾಟಿಕ್ಸ್ ಎನ್ನುತ್ತಾರೆ. ಜೆಸಿಬಿ ಕಂಪನಿಯ ಲೈವ್‌ಲಿಂಕ್, ಕೊಮಾಟ್ಸುವಿನ ಕೊಮ್‌ಟ್ರ್ಯಾಕ್ಸ್, ಕ್ಯಾಟರ್‌ಪಿಲ್ಲರ್‌ನ ವಿಷನ್‌ಲಿಂಕ್ ಇಂಥವೇ. ಬೇರೆ ಬೇರೆ ಕಂಪನಿಗಳ ಮಾಹಿತಿ ಒಂದೇ ರೂಪದಲ್ಲಿ ಸಿಗಲಿ ಎಂದು 2016ರಲ್ಲಿ ಐಎಸ್‌ಒ 15143-3 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಬಂತು.

ಇದರಲ್ಲಿ ಎಐ ಏನು ಮಾಡುತ್ತದೆ?

ಎಐ ಏಜೆಂಟ್ ಎಂದರೆ ಪ್ರಶ್ನೆಗೆ ಉತ್ತರ ಕೊಡುವುದರ ಜೊತೆಗೆ ಬೇರೆ ಸಾಫ್ಟ್‌ವೇರ್‌ಗಳನ್ನು ಬಳಸಿ ಕೆಲಸವನ್ನೂ ಮಾಡುವ ಎಐ. ಅದು ಯಂತ್ರವನ್ನು ಕಣ್ಣಾರೆ ನೋಡುವುದಿಲ್ಲ. ‘ಇಂಧನ ನೋಡು’, ‘ಸರ್ವಿಸ್ ಬುಕ್ ಮಾಡು’ ಎಂಬಂಥ ಟೂಲ್‌ಗಳನ್ನು ಎಂಜಿನಿಯರುಗಳು ಅದಕ್ಕೆ ಕೊಟ್ಟಿರುತ್ತಾರೆ. ಪ್ರತಿ ಟೂಲ್ ಜೊತೆ ಒಂದು ಹೆಸರು, ನಾಲ್ಕಾರು ಸಾಲಿನ ವಿವರಣೆ, ಯಾವ ಮಾಹಿತಿ ಕೊಡಬೇಕು ಎಂಬ ಪಟ್ಟಿ ಇರುತ್ತದೆ. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಬಿಡುಗಡೆ ಮಾಡಿದ ಎಂಸಿಪಿ ಎಂಬ ಪದ್ಧತಿಯಲ್ಲೂ ಹೀಗೆಯೇ.

ಯಾವ ಟೂಲ್ ಬಳಸಬೇಕು, ಬಂದ ಅಂಕಿಗೆ ಏನರ್ಥ ಎಂಬುದನ್ನು ಏಜೆಂಟ್ ಮುಖ್ಯವಾಗಿ ಈ ವಿವರಣೆ ಓದಿಯೇ ತೀರ್ಮಾನಿಸುತ್ತದೆ. ಸೈಟಿಗೆ ಹೊಸದಾಗಿ ಬಂದ ಸೂಪರ್‌ವೈಸರ್‌ಗೆ ತಲೆಬರಹವೇ ಇಲ್ಲದ ಲೆಕ್ಕದ ಪುಸ್ತಕ ಕೊಟ್ಟರೆ ಅವರು ಗೊತ್ತಿದ್ದವರನ್ನು ಕೇಳುತ್ತಾರೆ. ಏಜೆಂಟ್ ಎಷ್ಟೋ ಸಲ ಕೇಳದೆಯೇ ಊಹಿಸಿಬಿಡುತ್ತದೆ.

ತಪ್ಪು ಆಗುವುದು ಎಲ್ಲಿ?

ಒಂದು ಉದಾಹರಣೆ ಊಹಿಸಿಕೊಳ್ಳೋಣ. ಟೂಲ್‌ನ ವಿವರಣೆಯಲ್ಲಿ ‘ಯಂತ್ರದ ಮಾಹಿತಿ ಕೊಡುತ್ತದೆ’ ಎಂದಷ್ಟೇ ಇದೆ. ಎಂಜಿನ್ ಸ್ಟಾರ್ಟ್ ಆದ ಸಮಯ 03:30 ಎಂದು ಬಂದಿದೆ. ‘ರಾತ್ರಿ ಮೂರೂವರೆಗೆ ಯಂತ್ರ ಓಡಿದೆ, ಅನುಮಾನಾಸ್ಪದ’ ಎಂದು ಏಜೆಂಟ್ ಮಾಲೀಕರಿಗೆ ವರದಿ ಕೊಡುತ್ತದೆ. ಆದರೆ ಅದು ಯುಟಿಸಿ, ಅಂದರೆ ಜಾಗತಿಕ ಸಮಯ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಆಪರೇಟರ್ ಯಂತ್ರ ಸ್ಟಾರ್ಟ್ ಮಾಡಿದ್ದು ಬೆಳಿಗ್ಗೆ 9 ಗಂಟೆಗೆ!

ಇಂಧನದ ಲೆಕ್ಕದಲ್ಲೂ ಹೀಗೆಯೇ. ‘ಬಳಕೆಯಾದ ಇಂಧನ’ ಎಂಬ ಅಂಕಿ ಸಾಮಾನ್ಯವಾಗಿ ಎಂಜಿನ್ ಉರಿಸಿದ ಡೀಸೆಲ್‌ನ ಲೆಕ್ಕ. ಟ್ಯಾಂಕಿನಿಂದ ಪೈಪ್ ಹಾಕಿ ಎಳೆದ ಡೀಸೆಲ್ ಅದರಲ್ಲಿ ಬರುವುದೇ ಇಲ್ಲ. ಹಾಗಾಗಿ ಆ ಅಂಕಿಯೊಂದರಿಂದಲೇ ಕಳ್ಳತನ ಆಗಿದೆ ಎಂದಾಗಲಿ, ಆಗಿಲ್ಲ ಎಂದಾಗಲಿ ಹೇಳಲಾಗದು. ಟ್ಯಾಂಕಿನ ಮಟ್ಟ ನೋಡಬೇಕು. ಯಂತ್ರ ಇಳಿಜಾರಿನಲ್ಲಿ ನಿಂತಿದ್ದರೆ ಆ ಮಟ್ಟವೂ ಏರುಪೇರಾಗಿ ಕಾಣಬಹುದು.

ಇನ್ನೊಂದು ಸಂಗತಿ. ನೆಟ್‌ವರ್ಕ್ ಇಲ್ಲದ ಕ್ವಾರಿಯಲ್ಲಿ ಯಂತ್ರವಿದ್ದರೆ ಮಾಹಿತಿ ತಡವಾಗಿ ಬರುತ್ತದೆ. ಮಾಹಿತಿ ಬರದೇ ಇರುವುದು ಬೇರೆ, ಕೆಲಸ ಆಗದೇ ಇರುವುದು ಬೇರೆ. ವಿವರಣೆಯಲ್ಲಿ ಇದನ್ನು ಬರೆಯದಿದ್ದರೆ ದಿನವಿಡೀ ದುಡಿದವರ ಹೆಸರಿನ ಮುಂದೆ ಸೊನ್ನೆ ಗಂಟೆ ಬೀಳಬಹುದು.

ಇದು ಹೊಸ ಸಮಸ್ಯೆಯೇ?

ಅಲ್ಲ. 1983ರ ಜುಲೈನಲ್ಲಿ ಏರ್ ಕೆನಡಾದ ಬೋಯಿಂಗ್ 767 ವಿಮಾನದ ಇಂಧನ ಆಕಾಶದಲ್ಲೇ ಮುಗಿದುಹೋಯಿತು. ಕಿಲೋಗ್ರಾಂನಲ್ಲಿ ಮಾಡಬೇಕಿದ್ದ ಲೆಕ್ಕವನ್ನು ಪೌಂಡ್‌ನಲ್ಲಿ ಮಾಡಿದ್ದರಿಂದ ಅರ್ಧಕ್ಕೂ ಕಡಿಮೆ ಇಂಧನ ತುಂಬಲಾಗಿತ್ತು. ಪೈಲಟ್‌ಗಳು ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ವಿಮಾನ ಇಳಿಸಿದರು, 69 ಜನರೂ ಬದುಕುಳಿದರು. ಅಂಕಿಯ ಪಕ್ಕದಲ್ಲಿ ಅದರ ಅಳತೆ ಸರಿಯಾಗಿಲ್ಲದಿದ್ದರೆ ಮನುಷ್ಯರೂ ಎಡವುತ್ತಾರೆ. ಎಐ ಬಂದ ಮಾತ್ರಕ್ಕೆ ಈ ತೊಂದರೆ ಹೋಗುವುದಿಲ್ಲ.

ಒಳ್ಳೆಯ ವಿವರಣೆ ಹೇಗಿರಬೇಕು?

ಹೀಗಿರಬಹುದು: ‘ಒಂದು ಯಂತ್ರದ ಎಂಜಿನ್ ಗಂಟೆ ಮತ್ತು ಉರಿದ ಇಂಧನ ತಿಳಿಸುತ್ತದೆ. ಇಂಧನ ಲೀಟರ್‌ನಲ್ಲಿದೆ. ಸಮಯ ಯುಟಿಸಿಯಲ್ಲಿದೆ. ಎರಡೂ ಅಂಕಿಗಳು ಯಂತ್ರ ಹೊಸದಾಗಿದ್ದಾಗಿನಿಂದ ಇಂದಿನವರೆಗಿನ ಒಟ್ಟು ಮೊತ್ತ, ಒಂದು ದಿನದ್ದಲ್ಲ. ಮಾಹಿತಿ ಖಾಲಿ ಇದ್ದರೆ ಸೊನ್ನೆ ಎಂದು ತಿಳಿಯಬೇಡ. ಕಳ್ಳತನ ಪತ್ತೆಗೆ ಈ ಟೂಲ್ ಬಳಸಬೇಡ.’

ನೋಡುವ ಟೂಲ್ ಮತ್ತು ಮಾಡುವ ಟೂಲ್ ಬೇರೆ ಬೇರೆ ಎಂಬುದೂ ಸ್ಪಷ್ಟವಾಗಿರಬೇಕು. ಕೆಲವು ವ್ಯವಸ್ಥೆಗಳಲ್ಲಿ ಎಂಜಿನ್ ಸ್ಟಾರ್ಟ್ ಆಗದಂತೆ ದೂರದಿಂದಲೇ ತಡೆಯಬಹುದು. ಅಂಥ ಟೂಲ್ ಅನ್ನು ಒಬ್ಬ ಜವಾಬ್ದಾರಿಯುತ ವ್ಯಕ್ತಿ ಒಪ್ಪದೆ ಬಳಸಲು ಆಗದಂತೆ ಸಾಫ್ಟ್‌ವೇರ್‌ನಲ್ಲೇ ತಡೆ ಇರಬೇಕು. ‘ಕೇಳಿ ಮಾಡು’ ಎಂದು ಬರೆದರಷ್ಟೇ ಸಾಲದು.

ನಾವು ಏನು ಮಾಡಬಹುದು?

ನೀವು ಯಂತ್ರದ ಮಾಲೀಕರಾಗಿರಲಿ, ಆಪರೇಟರ್ ಆಗಿರಲಿ, ಎಐ ಕೊಟ್ಟ ವರದಿ ಕೈಗೆ ಬಂದಾಗ ನಾಲ್ಕು ಪ್ರಶ್ನೆ ಕೇಳಿ. ಇದು ಯಾವ ಸಮಯ? ಯಾವ ಅಳತೆ? ಇಂದಿನ ಲೆಕ್ಕವೋ, ಒಟ್ಟು ಲೆಕ್ಕವೋ? ಮಾಹಿತಿ ಪೂರ್ತಿ ಬಂದಿದೆಯೇ?

ಕಂಪ್ಯೂಟರಿಗೆ ಸುಳ್ಳು ಹೇಳುವ ಉದ್ದೇಶ ಇರುವುದಿಲ್ಲ, ನಿಜ. ಆದರೆ ನಾವು ಅರ್ಧಂಬರ್ಧ ಬರೆದುಕೊಟ್ಟರೆ ಅದು ಅರ್ಧಂಬರ್ಧವೇ ಅರ್ಥ ಮಾಡಿಕೊಳ್ಳುತ್ತದೆ. ಒಬ್ಬರ ಮೇಲೆ ಕಳ್ಳತನದ ಆರೋಪ ಹೊರಿಸುವ ಮೊದಲು, ಆ ವಾಟ್ಸಾಪ್ ಸ್ಕ್ರೀನ್‌ಶಾಟ್ ಮುಂದಕ್ಕೆ ಕಳಿಸುವ ಮೊದಲು, ಲಾಗ್ ಪುಸ್ತಕ ತೆರೆದು ನೋಡಿ. ಆಪರೇಟರ್ ಹೇಳುವುದನ್ನೂ ಕೇಳಿ.