ಆರ್ಡ್ಯುಯಸ್ ಅಂತೆ!

ಮೂರು ತಿಂಗಳ ಪ್ರಾಜೆಕ್ಟ್ 'ಆರ್ಡ್ಯುಯಸ್' ಆಗಿತ್ತು ಅಂತ ಅಪ್ರೈಸಲ್ ಫಾರ್ಮಿನಲ್ಲಿ ನಾನೂ ಬರೆದವನೇ. ಎಸಿ ರೂಮು, ತಿರುಗೋ ಕುರ್ಚಿ, ರಾತ್ರಿ ಕಂಪನಿ ಲೆಕ್ಕದಲ್ಲೇ ಬಿರಿಯಾನಿ!

ಈ ಪದದ ಲ್ಯಾಟಿನ್ ಮೂಲದ ಅರ್ಥ ಕಡಿದಾದದ್ದು, ಎತ್ತರದ್ದು. ಅಂದ್ರೆ ಬೆಟ್ಟ ಹತ್ತುವವನ ಕಷ್ಟ. ಅದಕ್ಕೊಂದು ತುದಿ ಇರುತ್ತೆ, ತುದೀಲಿ ನಿಂತು ಫೋಟೋ ತೆಗೆಸ್ಕೋಬಹುದು. ಲಿಂಕ್ಡ್‌ಇನ್ ಮಂದಿಗೆ ಅದು ಅಷ್ಟು ಪ್ರಿಯವಾಗಿರೋದು ಸುಮ್ಮನೆ ಅಲ್ಲ.

ನಂಜನಗೂಡು ತಾಲ್ಲೂಕಿನ ನಮ್ಮ ಬಿಳಿಗೆರೆ ಕಡೆ ಬನ್ನಿ. ಗದ್ದೇಲಿ ನಾಟಿ ಹಾಕೋ ಹೆಂಗಸರು ಹತ್ತಲ್ಲ, ಬಗ್ಗುತ್ತಾರೆ. ಬಗ್ಗಿಕೊಂಡೇ ಹಿಂದಕ್ಕೆ ಹಿಂದಕ್ಕೆ ನಡೀತಾರೆ. ಕಷ್ಟ ಅಲ್ವಾ ದೊಡ್ಡವ್ವ ಅಂದ್ರೆ, "ಏಗ್ಬೇಕು ಕನಪ್ಪ" ಅಂತಾರೆ. ಏಗೋದಕ್ಕೆ ತುದಿ ಇಲ್ಲ, ಜೊತೆ ಮಾತ್ರ ಇದೆ: ಸಾಲದ ಜೊತೆ, ಸೊಂಟನೋವಿನ ಜೊತೆ, ಕುಡುಕ ಗಂಡನ ಜೊತೆ. ಈ ಕ್ರಿಯಾಪದವನ್ನ ಯಾವ ರೆಸ್ಯೂಮೆಯಲ್ಲಾದ್ರೂ ನೋಡಿದ್ದೀರಾ? ಹತ್ತೋರ ಕಷ್ಟಕ್ಕೆ ಬಡ್ತಿ, ಬಗ್ಗೋರ ಕಷ್ಟಕ್ಕೆ ದಿನಗೂಲಿ. ನಾವು ದುಡಿಯೋದೇ ಇಲ್ಲ ಅಂತಲ್ಲ. ಆದ್ರೆ ದಣಿವನ್ನೂ ಪದಕ ಮಾಡಿ ಕೊರಳಿಗೆ ಹಾಕ್ಕೋಬೇಕಾ?

ಈ ವರ್ಷ 'ಕೆಲಸ ಜಾಸ್ತಿ ಇತ್ತು' ಅಂತಷ್ಟೇ ಬರೆದೆ. ಮ್ಯಾನೇಜರ್ ಫಾರ್ಮ್ ವಾಪಸ್ ಕಳಿಸಿದ್ದಾರೆ, ಇನ್ನೂ ಸ್ವಲ್ಪ ಸ್ಟ್ರಾಂಗಾಗಿ ಬರೀಬೇಕಂತೆ.