ಓದಿನ ವೀಸಾವನ್ನು ನಂಬಿ ಸಂಸಾರ ಹೊರಟರೆ

2024ರ ಜನವರಿಯಿಂದ ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಪದವಿಗೆ ಸೇರುವ ಹೆಚ್ಚಿನ ವಿದೇಶಿಯರು ಸಂಗಾತಿ, ಮಕ್ಕಳನ್ನು ಅವಲಂಬಿತರಾಗಿ ಕರೆದೊಯ್ಯುವಂತಿಲ್ಲ. ಆ ಅವಕಾಶ ಉಳಿದಿರುವುದು ಮುಖ್ಯವಾಗಿ ಸಂಶೋಧನಾ ವಿದ್ಯಾರ್ಥಿಗಳಿಗೆ. ಕೆನಡಾ 2025ರ ಜನವರಿಯಲ್ಲಿ, ಸ್ನಾತಕೋತ್ತರ ಕೋರ್ಸು ಕನಿಷ್ಠ 16 ತಿಂಗಳಿನದಾಗಿದ್ದರೆ ಮಾತ್ರ ಸಂಗಾತಿಗೆ ಮುಕ್ತ ಕೆಲಸದ ಪರವಾನಗಿ ಎಂದಿತು. ಒಬ್ಬರು ಓದಿ, ಇನ್ನೊಬ್ಬರು ದುಡಿದು ಖರ್ಚು ತೂಗಿಸುವ ಲೆಕ್ಕಾಚಾರವೇ ಇದರಿಂದ ಕುಸಿಯುತ್ತದೆ. ಎಳೆಯ ಮಕ್ಕಳಿರುವವರು ಮನೆ ಅಡವಿಟ್ಟು ಈ ದಾರಿ ಹಿಡಿಯುವುದನ್ನು ಒಪ್ಪಲಾರೆ.

ಹೀಗೆಯೇ ಹೋಗಿ ನೆಲೆಯೂರಿದವರಿಲ್ಲವೇ? ಖಂಡಿತ ಇದ್ದಾರೆ, ಆದರೆ ಅವರು ಹೋದದ್ದು ಅಂದಿನ ನಿಯಮದಡಿ. ಮಕ್ಕಳ ಭವಿಷ್ಯಕ್ಕಾಗಿ ಎಂಬ ಮಾತು ಪ್ರಾಮಾಣಿಕವೇ. ಆದರೆ ಅಪ್ಪನನ್ನೋ ಅಮ್ಮನನ್ನೋ ಬಿಟ್ಟು ಕಳೆಯುವ ವರ್ಷಗಳೂ ಆ ಮಕ್ಕಳ ಬದುಕೇ. ಹೋಗಲೇಬೇಕೆಂದರೆ ಏಜೆಂಟರ ಮಾತನ್ನು ಬದಿಗಿಟ್ಟು ಆಯಾ ಸರ್ಕಾರದ ನಿಯಮಗಳನ್ನೇ ಓದಿ, ಸಂಗಾತಿಯ ಗಳಿಕೆ ಶೂನ್ಯವೆಂದೇ ಲೆಕ್ಕ ಹಾಕಬೇಕು.